ತೋಡಿನ (ಸಣ್ಣ ಹಳ್ಳದ) ನೀರಿಗೆ ಗೊಬ್ಬರ ಎಷ್ಟು ಹೋಗ್ತಾ ಉಂಟು ಅಂತ ನೋಡುದು ಹೇಗೆ?

ಬೈಲುಮನೆ:
ನಮ್ಮದು ಕಾರ್ಕಳ ಕಡೆ, ತೋಡಿನ ಎರಡೂ ಬದಿ ಅಡಿಕೆ ತೋಟ, ಕೆಳಗೆ ಬೈಲಲ್ಲಿ ಗದ್ದೆ, ತೋಡು ಹೋಗಿ ಸ್ವರ್ಣಾ ನದಿಗೆ ಸೇರ್ತದೆ. ಡಿಸೆಂಬರಲ್ಲಿ ತೋಡಿಗೆ ಅಡ್ಡ ಕಟ್ಟ ಹಾಕಿ ನೀರು ನಿಂತ ಮೇಲೆ ಕಲ್ಲಿಗೆಲ್ಲ ಪಾಚಿ ಹಿಡೀತದೆ, ಕೈ ಹಾಕಿ ಎಳೆದ್ರೆ ಉದ್ದುದ್ದ ಎಳೆ ಬರ್ತದೆ, ಬೆಳಗಾಗುವ ಹೊತ್ತಿಗೆ ಸಣ್ಣ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇರ್ತವೆ. ಜನವರಿಯಲ್ಲಿ ಲ್ಯಾಬಿಗೆ ಕೊಟ್ರೆ ನೈಟ್ರೇಟ್ ಲೀಟರಿಗೆ 4 ಮಿ.ಗ್ರಾಂ, ಮಿತಿ 45, ತೊಂದರೆ ಇಲ್ಲ ಅಂದ್ರು. ತೊಂದರೆ ಇಲ್ಲದಿದ್ರೆ ಈ ಪಾಚಿ ಎಂತಕ್ಕೆ? ಇದೇ ನದಿ ನೀರೇ ಬಜೆ ಅಣೆಕಟ್ಟಿಂದ ಉಡುಪಿ ಪೇಟೆಯವರು ಕುಡಿಯುದು, ಹಾಗಾಗಿ ಸುಮ್ಮನೆ ಬಿಡ್ಲಿಕ್ಕೆ ಮನಸ್ಸಿಲ್ಲ. ಎಂತ ಅಳೀಬೇಕು, ಯಾವಾಗ, ಎಲ್ಲಿ? ಗೊತ್ತಿದ್ದವರು ಹೇಳಿ.

ನೀರಳತೆ:
45 ಅಂತ ಇರುದು ಮನುಷ್ಯರು ಕುಡಿಯುವ ನೀರಿಗೆ, ಮುಖ್ಯವಾಗಿ ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕ ಕಡಿಮೆ ಆಗಬಾರದು ಅಂತ. ತೋಡಿನ ಆರೋಗ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಪಾಚಿಗೆ ಬೇಕಾದ್ದು ಹೆಚ್ಚಾಗಿ ರಂಜಕ (ಫಾಸ್ಫರಸ್), ಅದು ಲೀಟರಿಗೆ ಒಂದು ಮಿ.ಗ್ರಾಂನ ನೂರನೇ ಕೆಲವು ಪಾಲು ಇದ್ರೂ ನಿಂತ ನೀರಲ್ಲಿ ಸಾಕಾಗ್ತದೆ. ಜನವರಿಯಲ್ಲಿ ನೈಟ್ರೇಟ್ ಕಡಿಮೆ ಕಾಣುದಕ್ಕೆ ಪಾಚಿಯೇ ಅದನ್ನು ತಿಂದು ಮುಗಿಸಿದ್ದೂ ಕಾರಣ ಇರಬಹುದು.

ಎರಡರ ದಾರಿಯೂ ಬೇರೆ. ನೈಟ್ರೇಟ್ ನೀರಲ್ಲಿ ಕರಗಿ ಮಣ್ಣೊಳಗಿಂದ ಇಳಿದು ತೋಡಿಗೂ ಬಾವಿಗೂ ಹೋಗ್ತದೆ. ರಂಜಕ ನಮ್ಮ ಮುರಕಲ್ಲಿನ ಕೆಂಪು ಮಣ್ಣಿನ ಕಬ್ಬಿಣಕ್ಕೆ ಗಟ್ಟಿ ಅಂಟ್ತದೆ, ಮಣ್ಣು ಕೊಚ್ಚಿ ಹೋದಾಗ ಅದರ ಜೊತೆ ಹೋಗ್ತದೆ, ಹಾಗಾಗಿ ತಿಳಿ ನೀರು ಮಾತ್ರ ತೆಗೆದ್ರೆ ಅದು ಸಿಗುದಿಲ್ಲ, ಕೆಸರು ನೀರಲ್ಲಿ ಒಟ್ಟು ರಂಜಕ ನೋಡಿ ಅಂತ ಲ್ಯಾಬಿನವರಿಗೆ ಬಿಡಿಸಿ ಹೇಳಿ. ಮುಖ್ಯ ಜೂನಿನ ಮೊದಲ ಜೋರು ಮಳೆ. ಬೇಸಗೆಯಲ್ಲಿ ನೆಲದ ಮೇಲೆ ಕೂತದ್ದೆಲ್ಲ ಆಗ ಒಟ್ಟಿಗೆ ಇಳಿಯುದು, ಆ ಹೊತ್ತಿನ ನೀರು ತಪ್ಪಿದ್ರೆ ಆ ವರ್ಷದ ದೊಡ್ಡ ಪಾಲೇ ತಪ್ಪಿತು.

ಇನ್ನೊಂದು, ರಿಪೋರ್ಟಲ್ಲಿ ನೈಟ್ರೇಟ್ ಅಂತ ಉಂಟಾ, ನೈಟ್ರೇಟ್ ರೂಪದ ಸಾರಜನಕ ಅಂತ ಉಂಟಾ ನೋಡಿ. ಎರಡನೆಯದಾದ್ರೆ 4.43ರಿಂದ ಗುಣಿಸಿದ ಮೇಲೆಯೇ 45ಕ್ಕೆ ಹೋಲಿಸ್ಲಿಕ್ಕೆ ಆಗುದು.

ಕಿಂಡಿಕಟ್ಟ:
ನೀರಿನ ಹರಿವು ಅಳೆಯದೆ ಲ್ಯಾಬ್ ನಂಬರ್ ಮಾತ್ರ ಇಟ್ಕೊಂಡು ಪ್ರಯೋಜನ ಇಲ್ಲ ಮಾರಾಯ್ರೆ. ತೋಡು ನೇರ ಇರುವ ಕಡೆ ಹತ್ತು ಮೀಟರ್ ಗುರುತು ಮಾಡಿ, ಅರ್ಧ ನೀರು ತುಂಬಿದ ಬಾಟ್ಲಿ ಬಿಟ್ಟು ಎಷ್ಟು ಸೆಕೆಂಡ್ ಅಂತ ನೋಡಿ. ಮೇಲ್ಮೈ ನೀರು ಜೋರು ಓಡುದ್ರಿಂದ ಸಿಕ್ಕಿದ ವೇಗವನ್ನು 0.85ರಿಂದ ಗುಣಿಸಬೇಕು. ಲೆಕ್ಕಕ್ಕೆ ಅಗಲ 3 ಮೀಟರ್, ಸರಾಸರಿ ಆಳ 0.4, ಬಾಟ್ಲಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಅಂತ ಇಡುವ, 0.85ನ್ನೂ ಸೇರಿಸಿ ಎಲ್ಲ ಗುಣಿಸಿದ್ರೆ ಸೆಕೆಂಡಿಗೆ ಸುಮಾರು 510 ಲೀಟರ್ ಆಯ್ತು. ಅದರಲ್ಲಿ ಲೀಟರಿಗೆ ಬರೀ 2 ಮಿ.ಗ್ರಾಂ ಸಾರಜನಕ ಇದ್ರೂ ದಿನಕ್ಕೆ 88 ಕಿಲೋ, ಅಂದ್ರೆ 45 ಕಿಲೋದ ನಾಲ್ಕು ಚೀಲ ಯೂರಿಯಾದಲ್ಲಿ ಇರುವುದಕ್ಕಿಂತ ಹೆಚ್ಚು. ಎಲ್ಲ ಗೊಬ್ಬರದ್ದೇ ಅಂತಲ್ಲ, ಸೊಪ್ಪು, ಸೆಗಣಿಯದ್ದೂ ಸೇರಿರ್ತದೆ, ಆದ್ರೆ ರಿಪೋರ್ಟಲ್ಲಿ "2" ಅಂತ ನೋಡಿದವರಿಗೆ ಇದು ಕಾಣುದೇ ಇಲ್ಲ.

ನೆರೆ ಬಂದಾಗ ಇಳೀಬೇಡಿ, ಕಾಲುಸಂಕದ ಮೇಲಿಂದ ಬಕೆಟ್ ಬಿಟ್ಟು ತೆಗೀರಿ.

ಹಟ್ಟಿಗೊಬ್ಬರ:
ತೋಟದವನಾಗಿ ಒಂದು ಮಾತು. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಅಂತ ಶಿಫಾರಸು, ನೀರಾವರಿ ತೋಟಕ್ಕಾದ್ರೆ ಸೆಪ್ಟೆಂಬರ್-ಅಕ್ಟೋಬರಲ್ಲಿ ಅರ್ಧ, ಫೆಬ್ರವರಿಯಲ್ಲಿ ಅರ್ಧ. ಮಳೆ ಹಿಡಿಯುವ ಹೊತ್ತಿಗೆ ಹಾಕಿದ್ದು ತೋಡಿಗೇ ಹಾಕಿದ ಹಾಗೆ. ಆದ್ರೆ ಎಲ್ಲರೂ ಚೀಲದ ಗೊಬ್ಬರವನ್ನೇ ಬೈಯುದು, ದನದ ಹಟ್ಟಿ ತೊಳೆದ ನೀರು, ಗೋಬರ್ ಗ್ಯಾಸಿನ ಸ್ಲರಿ ಸೀದಾ ತೋಡಿಗೆ ಬಿಡುದನ್ನು ಯಾರೂ ಹೇಳುದಿಲ್ಲ. ಬೇಸಗೆಯಲ್ಲಿ ಪಾಚಿ ಬರುವಲ್ಲಿ ನಾನು ಮೊದಲು ನೋಡುದು ಅದನ್ನು. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣ ಸೇರಿಸಿದ್ದು) ತಾಮ್ರವೂ ಮಣ್ಣಲ್ಲಿ ಉಳೀತದೆ, ಮಣ್ಣು ಕೊಚ್ಚಿದ್ರೆ ಅದೂ ನೀರಿಗೆ, ಮೀನಿಗೆ ಅದು ಸ್ವಲ್ಪ ಆದ್ರೂ ಕಷ್ಟ, ಹಾಗಾಗಿ ಒಂದು ಸಲವಾದ್ರೂ ತಾಮ್ರ ನೋಡಿಸಿ. ದಂಡೆಯ ಮುಂಡೇವು (ಕೇದಗೆ ಜಾತಿಯ ಮುಳ್ಳಿನ ಗಿಡ) ಕಡಿಯುದು ನಿಲ್ಲಿಸಿದ್ರೆ ಮಣ್ಣು ಅರ್ಧ ದಾರಿಯಲ್ಲೇ ನಿಲ್ತದೆ.

ಬೈಲುಮನೆ:
ಹಟ್ಟಿ ನೀರಿನ ವಿಷಯ ನಮ್ಮಲ್ಲೂ ಉಂಟು, ಮೇಲಿನ ಎರಡು ಮನೆಯದ್ದು. ಜಗಳ ಆಗದ ಹಾಗೆ ತಿಳ್ಕೊಳ್ಳುದು ಹೇಗೆ? ಲ್ಯಾಬಿಗೆ ನೀರು ತೆಗೀಲಿಕ್ಕೆ ಬಾಟ್ಲಿ ಯಾವುದು?

ನೀರಳತೆ:
ಒಬ್ಬರ ತೋಟದ ಕೆಳಗೆ ಮಾತ್ರ ತೆಗೆದ್ರೆ ಜಗಳವೇ. ಎಲ್ಲರ ತೋಟಕ್ಕಿಂತ ಮೇಲೆ ಕಾಡಿನ ಕಡೆ ಒಂದು, ಕವಲು ಸೇರುವಲ್ಲೆಲ್ಲ ಸೇರುವ ಮೊದಲು ಮತ್ತು ನಂತರ ಒಂದೊಂದು, ಎಲ್ಲ ಒಂದೇ ದಿನ, ಆ ಮನೆಯವರನ್ನೂ ಕರ್ಕೊಂಡು ಹೋಗಿ ತೆಗೀರಿ. ಬಾಟ್ಲಿ ಸೋಪಿನ ಪುಡಿಯಲ್ಲಿ ತೊಳೀಬೇಡಿ, ಕೆಲವದರಲ್ಲಿ ರಂಜಕ ಇರ್ತದೆ, ಅದೇ ತೋಡಿನ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ತುಂಬಿಸಿ, ಐಸಲ್ಲಿಟ್ಟು ಅದೇ ದಿನ ಲ್ಯಾಬಿಗೆ ಕೊಡಿ. ಕರಗಿದ ಆಮ್ಲಜನಕ ಮಾತ್ರ ಅಲ್ಲೇ ಅಳೀಬೇಕು, ಬೆಳಕು ಹರಿಯುವ ಮೊದಲು ಒಂದು ಸಲ, ಮಧ್ಯಾಹ್ನ ಒಂದು ಸಲ, ಪಾಚಿ ರಾತ್ರಿಯಿಡೀ ಎಷ್ಟು ಉಸಿರು ಎಳೀತದೆ ಅಂತ ಆ ವ್ಯತ್ಯಾಸದಲ್ಲಿ ಗೊತ್ತಾಗ್ತದೆ, ನೀವು ಹೇಳಿದ ಮೀನು ಬಾಯಿ ಬಿಡುದೂ ಅದಕ್ಕೇ. ಪಂಚಾಯತಿಗೆ ಜಲ ಜೀವನ್ ಮಿಷನ್ನಿನ ನೀರು ಪರೀಕ್ಷೆಯ ಕಿಟ್ ಬಂದಿದ್ರೆ ನೈಟ್ರೇಟ್ ಅದರಲ್ಲೇ ಅಂದಾಜು ನೋಡ್ಬಹುದು, ರಂಜಕಕ್ಕೆ ಲ್ಯಾಬೇ ಬೇಕು.