ಪಿಸಿಒಎಸ್‌ಗೆ ನಮ್ಮ ಮಾತು ಕೇಳೋ ಡಾಕ್ಟರ್ ಎಲ್ಲಿ ಸಿಗ್ತಾರೆ? ಹಾಸನ / ಮೈಸೂರು ಕಡೆ

ಅರಸೀಕೆರೆ ಹುಡುಗಿ:
ಎಲ್ರಿಗೂ ನಮಸ್ಕಾರ. ನಂಗೆ 23 ವರ್ಷ, ಹಾಸನದಲ್ಲಿ ಕೆಲಸ. ಕಾಲೇಜಿಂದನೂ ಪೀರಿಯಡ್ಸ್ ಸರಿಯಾಗಿ ಆಗಲ್ಲ, ಎರಡು ಮೂರು ತಿಂಗಳು ಬರೋದೇ ಇಲ್ಲ, ಬಂದ್ರೆ ನಿಲ್ಲಲ್ಲ, ಆಫೀಸಲ್ಲಿ ಕುರ್ಚಿಯಿಂದ ಎದ್ದೇಳಕ್ಕೂ ಭಯ ಆಗೋ ಅಷ್ಟು ಬ್ಲೀಡಿಂಗ್. ಗಲ್ಲದ ಮೇಲೆ ಗಟ್ಟಿ ಕೂದಲು, ಕತ್ತಿನ ಹಿಂದೆ ಕಪ್ಪು. ಇಲ್ಲೇ ಒಂದು ಕ್ಲಿನಿಕ್ಕಿಗೆ ಹೋದೆ, ಸ್ಕ್ಯಾನಿಂಗ್ ಮಾಡ್ಸಿ ಪಿಸಿಒಡಿ ಅಂದ್ರು (ಪಿಸಿಒಎಸ್ ಅಂತಾನೂ ಅಂತಾರಲ್ಲ, ಹಾರ್ಮೋನ್ ಏರುಪೇರಾಗಿ ಅಂಡಾಶಯಕ್ಕೆ ಆಗೋ ತೊಂದ್ರೆ, ಅದೇ). ನನ್ನ ಮುಖನೂ ನೋಡ್ದೆ ಅಮ್ಮನ ಹತ್ರ "ತೂಕ ಇಳಿಸ್ಲಿ, ಬೇಗ ಮದುವೆ ಮಾಡಿ, ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ" ಅಂತ ಹೇಳಿ ಮಾತ್ರೆ ಬರೆದುಕೊಟ್ರು, ಏನು ಮಾತ್ರೆ ಅಂತ ಕೇಳಿದ್ರೆ ಹಾರ್ಮೋನ್‌ದು ತಗೋ ಅಂದ್ರು ಅಷ್ಟೇ. ಅಮ್ಮ ಈಗ ಗಂಡು ನೋಡ್ತಿದಾರೆ, ಈ ವಿಷ್ಯ ಯಾರ ಹತ್ರನೂ ಬಾಯಿ ಬಿಡ್ಬೇಡ ಅಂತಾರೆ. ನಂಗೆ ಮದುವೆ ಸಲಹೆ ಬೇಡ, ನಂಗೇನಾಗಿದೆ ಅಂತ ಕೂರಿಸಿ ಹೇಳೋರು ಬೇಕು. ಯಾವ ಥರ ಡಾಕ್ಟರ್ ಹತ್ರ ಹೋಗ್ಬೇಕು, ಏನೇನು ಕೇಳ್ಬೇಕು, ತುಂಬಾ ದುಡ್ಡಿಲ್ಲ, ದಯವಿಟ್ಟು ಹೇಳಿ.

ಮೈಸೂರು ಸ್ಟಾಫ್ ನರ್ಸ್:
ಗಾಬರಿ ಆಗ್ಬೇಡಮ್ಮ. ಮೊದ್ಲು ಆ ಸ್ಕ್ಯಾನಿಂಗ್ ರಿಪೋರ್ಟ್ ಭಯ ಬಿಡು. ಅದರಲ್ಲಿ ಕಾಣೋ ಗುಳ್ಳೆಗಳು ಗಡ್ಡೆ ಅಲ್ಲ, ಪೂರ್ತಿ ಬೆಳೀದೆ ನಿಂತುಹೋಗಿರೋ ಅಂಡಾಣು ಚೀಲಗಳು, ಆಪರೇಷನ್ ಮಾಡಿ ತೆಗೆಯೋವಂಥದ್ದಲ್ಲ. ಬರೀ ಸ್ಕ್ಯಾನಿಂಗ್ ನೋಡಿ ಪಿಸಿಒಎಸ್ ಅಂತ ಹೇಳಕ್ಕೂ ಆಗಲ್ಲ. ಮುಟ್ಟು ಏರುಪೇರು, ಗಂಡಸರ ಹಾರ್ಮೋನ್ ಜಾಸ್ತಿ ಇರೋ ಲಕ್ಷಣ (ಮುಖದ ಕೂದಲು, ಮೊಡವೆ, ಇಲ್ಲಾ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಜಾಸ್ತಿ), ಸ್ಕ್ಯಾನಿಂಗಲ್ಲಿ ಅಂಡಾಶಯ ಹಾಗೆ ಕಾಣೋದು, ಈ ಮೂರರಲ್ಲಿ ಎರಡು ಇರ್ಬೇಕು, ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಥರದ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಆಗ್ಬೇಕು. ನಿಂಗೆ ಕತ್ತು ಕಪ್ಪಾಗಿದೆ ಅಂದ್ಯಲ್ಲ, ಅದು ಕೊಳೆ ಅಲ್ಲ ಉಜ್ಜಿ ಉಜ್ಜಿ ಚರ್ಮ ಹಾಳು ಮಾಡ್ಕೋಬೇಡ, ಇನ್ಸುಲಿನ್ ಸರಿಯಾಗಿ ಕೆಲ್ಸ ಮಾಡ್ತಿಲ್ಲ ಅನ್ನೋದರ ಗುರುತು. ಅದಕ್ಕೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡೋ ಶುಗರ್ ಟೆಸ್ಟ್, ಕೊಲೆಸ್ಟ್ರಾಲ್, ಬಿಪಿ ಮಾಡಿಸ್ಬೇಕು. ಬ್ಲೀಡಿಂಗ್ ಅಷ್ಟಿದ್ರೆ ಹಿಮೋಗ್ಲೋಬಿನ್ನೂ ನೋಡ್ಸು.
ಎಲ್ಲಿ ಅಂದ್ರೆ, ನಿಂಗೆ ಹತ್ರ ಹಾಸನದ ಹಿಮ್ಸ್, ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ, ಸ್ತ್ರೀರೋಗ ವಿಭಾಗ ಇದೆ. ಮೈಸೂರಿಗೆ ಬಂದ್ರೆ ಚೆಲುವಾಂಬ, ಬೆಂಗಳೂರಲ್ಲಾದ್ರೆ ವಾಣಿವಿಲಾಸ, ಎರಡೂ ಸರ್ಕಾರಿ ಹೆಂಗಸರ ಆಸ್ಪತ್ರೆ. ರಶ್ ಇರುತ್ತೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡ್ಸು. ಡಾಕ್ಟರ್‌ಗೆ ಸಮಯ ಕಮ್ಮಿ ಇರುತ್ತೆ ಅದಕ್ಕೆ ಹಿಂದಿನ ಮುಟ್ಟಿನ ಡೇಟುಗಳು, ಮನೇಲಿ ಯಾರಿಗೆ ಶುಗರ್ ಇದೆ, ಈಗ ತಗೊಳ್ತಿರೋ ಮಾತ್ರೆ, ಎಲ್ಲ ಒಂದು ಹಾಳೇಲಿ ಬರ್ಕೊಂಡು ಹೋಗು. ಅಮ್ಮನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಒಬ್ಳೇ ಮಾತಾಡ್ತೀನಿ ಅಂತ ಕೇಳೋ ಹಕ್ಕು ನಿಂಗಿದೆ. ಕೇಳು.

ಧಾರವಾಡದಾಕಿ:
ತಂಗಿ, ನಂಗೂ ಐತಿ ಇದು, ಆದ್ರ ನಾ ತೆಳ್ಳಗ ಅದೀನಿ, ಹಂಗಾಗಿ ಭಾಳ ದಿನ ಒಬ್ರೂ ನಂಬಲಿಲ್ಲ, ತೂಕ ಇಲ್ಲಂದ್ರ ಪಿಸಿಒಎಸ್ ಎಲ್ಲಿಂದ ಬರ್ತದ ಅಂತಿದ್ರು. ತೆಳ್ಳಗಿದ್ದೋರಿಗೂ ಬರ್ತದ. ತೂಕ ಇದ್ದೋರು 5 ರಿಂದ 10 ಪರ್ಸೆಂಟ್ ಇಳಿಸಿದ್ರ ಮುಟ್ಟು ಸುಧಾರಿಸ್ತದ ಅನ್ನೋದು ಖರೇ, ಆದ್ರ ಅದನ್ನ ಬೈದು ಹೇಳೋದು ಯಾಕ? ಇನ್ಸುಲಿನ್ ತೊಂದ್ರಿ ಇದ್ದಾಗ ತೂಕ ಇಳಿಸೋದ ಕಷ್ಟ, ಅದು ಸೋಮಾರಿತನ ಅಲ್ಲ. ಇದಕ್ಕಂತ ಯಾವ ವಿಶೇಷ ಡಯಟ್ಟೂ ಇಲ್ಲ, ರೊಟ್ಟಿ ಕಾಳುಪಲ್ಯ ನಮ್ಮನಿ ಊಟ ಬಿಡಬ್ಯಾಡ, ವಾರಕ್ಕ 150 ನಿಮಿಷ ಜೋರಾಗಿ ನಡಿ.
ನಂಗ ಮೆಟ್‌ಫಾರ್ಮಿನ್ ಮಾತ್ರಿ (ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ಲಿ ಅಂತ ಕೊಡೋದು) ಕೊಟ್ಟಾಗ ಮೊದಲ ವಾಂತಿ ಬಂದಂಗ ಆಗ್ತಿತ್ತು, ಡಾಕ್ಟರ್ ಡೋಸ್ ಕಮ್ಮಿ ಮಾಡಿ ಊಟದ ಜೋಡಿ ತಗೋ ಅಂದ್ರು, ನಿಧಾನಕ್ಕ ಹೆಚ್ಚಿಸಿದ್ರು, ಆಮ್ಯಾಲೆ ಹೊಂದ್ಕೊಂಡ್ತು. ಭಾಳ ವರ್ಷ ತಗೊಂಡ್ರ ಬಿ12 ಕಮ್ಮಿ ಆಗ್ಬಹುದು, ಚೆಕ್ ಮಾಡಿಸ್ಕೋಬೇಕು. ಜನೌಷಧಿ ಅಂಗಡ್ಯಾಗ ಅಗ್ಗ ಸಿಗ್ತದ. ಮುಖದ ಕೂದ್ಲಿಗೆ ಔಷಧಿ ಹಿಡಿಯಾಕ ಆರು ತಿಂಗಳರೆ ಬೇಕು, ನಡುವ ಬಿಡಬ್ಯಾಡ.
ಇನ್ನೊಂದು ಹೇಳ್ತೀನಿ. ಮನಸು ಕುಗ್ಗಿದ್ರ, ಸುಮ್ನ ಅಳು ಬಂದ್ರ, ಅದನ್ನೂ ಡಾಕ್ಟರ್‌ಗೆ ಹೇಳು. ಪಿಸಿಒಎಸ್ ಇದ್ದೋರಿಗೆ ಡಿಪ್ರೆಷನ್ ಜಾಸ್ತಿ, 2023ರ ಅಂತರರಾಷ್ಟ್ರೀಯ ಮಾರ್ಗಸೂಚಿನ ಎಲ್ಲರಿಗೂ ಅದನ್ನ ವಿಚಾರಿಸ್ಬೇಕು ಅಂತದ. ರಾತ್ರಿ ಹೊತ್ತಿಗೆ ಯಾರೂ ಇಲ್ಲ ಅನಿಸಿದ್ರ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಐತಿ, 14416ಕ್ಕ ಹಚ್ಚು, ಕನ್ನಡದಾಗ ಮಾತಾಡ್ತಾರ.

ಇಬ್ಬರು ಮಕ್ಕಳ ತಾಯಿ:
ಮದುವೆ ಆದ್ರೆ ವಾಸಿ ಆಗಲ್ಲಮ್ಮ, ನಂಗೆ ಆಗ್ಲಿಲ್ಲ. ಆದ್ರೆ ಮಕ್ಕಳೇ ಆಗಲ್ಲ ಅನ್ನೋ ಮಾತೂ ಸುಳ್ಳು, ಅಂಡಾಣು ಬಿಡುಗಡೆ ಆಗ್ಲಿ ಅಂತ ಲೆಟ್ರೋಜೋಲ್ ಮಾತ್ರೆ ಕೊಟ್ರು, ಎರಡೂ ಮಕ್ಕಳಾದ್ರು. ನನ್ನ ಗಂಡನಿಗೆ ಮಾತುಕತೆ ಹೊತ್ತಲ್ಲೇ ಹೇಳಿದ್ದೆ. ಹೇಳೋದು ಬಿಡೋದು ನಿನ್ನಿಷ್ಟ, ಅಮ್ಮನ ಮೇಲೆ ಕೋಪ ಬೇಡ, ಅವರಿಗೂ ಯಾರೂ ಬಿಡಿಸಿ ಹೇಳಿಲ್ಲ.

ಅರಸೀಕೆರೆ ಹುಡುಗಿ:
ಓದಿ ಅಳು ಬಂತು, ಎಲ್ರಿಗೂ ಥ್ಯಾಂಕ್ಸ್. ನರ್ಸ್ ಅಕ್ಕ, ಮಾತ್ರೆ ಸ್ಟ್ರಿಪ್ ಹಿಂದೆ ಎಥಿನೈಲ್ ಎಸ್ಟ್ರಾಡಿಯಾಲ್ ಅಂತಿದೆ. ಪಿಯುಸಿಯಿಂದ ನಂಗೆ ಮೈಗ್ರೇನ್ ಇದೆ, ತಲೆನೋವು ಶುರು ಆಗೋ ಮುಂಚೆ ಕಣ್ಮುಂದೆ ಮಿಂಚಿದಂಗೆ ವಂಕಿ ವಂಕಿ ಗೆರೆ ಬರುತ್ತೆ, ಅವರು ಅದನ್ನೆಲ್ಲ ಕೇಳ್ಲೇ ಇಲ್ಲ. ತಗೋಬಹುದಾ?

ಮೈಸೂರು ಸ್ಟಾಫ್ ನರ್ಸ್:
ಬೇಡ, ಇವತ್ತಿನ ಮಾತ್ರೆ ತಗೋಬೇಡ. ಸ್ಟ್ರಿಪ್ ಮೇಲೆ ಇರೋದು ಈಸ್ಟ್ರೋಜನ್ ಹಾರ್ಮೋನ್. ಹಾಗೆ ಗೆರೆ ಕಾಣೋ ಮೈಗ್ರೇನ್ ಇರೋರಿಗೆ ಈಸ್ಟ್ರೋಜನ್ ಇರೋ ಮಾತ್ರೆ ಕೊಡಬಾರದು, ಸ್ಟ್ರೋಕ್ ಆಗೋ ಅಪಾಯ ಜಾಸ್ತಿ ಆಗುತ್ತೆ. ನಾಳೆನೇ ಹಿಮ್ಸ್‌ಗೆ ಹೋಗು, ಆ ಸ್ಟ್ರಿಪ್ ತಗೊಂಡೇ ಹೋಗು, ಹೋದ ತಕ್ಷಣ ಮೊದಲು ಈ ಗೆರೆಗಳ ವಿಷಯ ಹೇಳು. ಈಸ್ಟ್ರೋಜನ್ ಇಲ್ದೆ ಬರೀ ಪ್ರೊಜೆಸ್ಟಿರಾನ್ ಹಾರ್ಮೋನ್ ಇರೋ ಥರದ ಬೇರೆ ದಾರಿಗಳಿವೆ, ಆದ್ರೆ ಏನೂ ತಗೊಳ್ದೆ ತಿಂಗಳುಗಟ್ಟಲೆ ಮುಟ್ಟು ನಿಲ್ಲಕ್ಕೆ ಬಿಡ್ಬೇಡ, ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ, ಮೂರು ತಿಂಗಳು ದಾಟಬಾರದು. ಅಷ್ಟರಲ್ಲಿ ಕೈಕಾಲು ಶಕ್ತಿ ಹೋದಂಗಾದ್ರೆ, ಬಾಯಿ ಸೊಟ್ಟಗಾದ್ರೆ, ಮಾತು ತೊದಲಿದ್ರೆ ಒಪಿಡಿ ಅಂತ ಕಾಯ್ಬೇಡ, 108ಕ್ಕೆ ಫೋನ್ ಮಾಡಿ ಸೀದಾ ಎಮರ್ಜೆನ್ಸಿಗೆ ಹೋಗು. ನಾಳೆ ಡಾಕ್ಟರ್ ಏನಂದ್ರು ಅಂತ ಇಲ್ಲಿ ಬಂದು ಬರಿ, ನಾನು ನೋಡ್ತಿರ್ತೀನಿ.