ಸಂಜೆ ಬರುವ ಮಕ್ಕಳ ಜೊತೆ ನಿಜವಾದ ವಿಜ್ಞಾನದ ಕೆಲಸ: ಎಲ್ಲಿಂದ ಶುರು ಮಾಡಲಿ?

ನಮ್ಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ (ಊರಿನ ಗ್ರಂಥಾಲಯ) ದಿನಾ ಸಂಜೆ 12 ಮಕ್ಕಳು ಬರುತ್ತಾರೆ. ವಿಜ್ಞಾನಿಗಳಿಗೆ ಉಪಯೋಗವಾಗುವಂಥ ಕೆಲಸ ಏನಾದರೂ ಅವರ ಕೈಲಿ ಮಾಡಿಸಬೇಕು ಅಂತ ಆಸೆ. ಇರುವುದು ನನ್ನದೊಂದೇ ಫೋನ್. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ: ಮೇಡಂ, ಮರದಿಂದ ಶುರು ಮಾಡಿ. ಹಕ್ಕಿ ಹಾರಿಹೋಗುತ್ತದೆ, ಮರ ಅಲ್ಲೇ ಇರುತ್ತದೆ ಅಲ್ವಾ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. ದೇಶದ ಎಲ್ಲ ಕಡೆ ಜನ ತಮ್ಮದೊಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಎಲೆ, ಹೂವು, ಕಾಯಿ ನೋಡಿ ಬರೆಯುತ್ತಾರೆ. ಎಣಿಸಬೇಕಿಲ್ಲ. ಇಲ್ಲ, ಸ್ವಲ್ಪ, ಜಾಸ್ತಿ ಅಂದರೆ ಸಾಕು. ಮಳೆ ಬಿಸಿಲು ಏರುಪೇರಾದಾಗ ಮರಗಳು ಹೂ ಬಿಡುವ ಕಾಲ ಹೇಗೆ ಬದಲಾಗುತ್ತದೆ ಅಂತ ತಿಳಿಯುವುದು ವರ್ಷಗಟ್ಟಲೆ ಹೀಗೆ ಬರೆದಿಟ್ಟ ಲೆಕ್ಕದಿಂದಲೇ.

ನಾವು ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದೆವು. ಒಂದೊಂದು ಮರಕ್ಕೆ ಇಬ್ಬರು ಮಕ್ಕಳು, ಒಂದು ನೋಟ್‌ಬುಕ್. ಶನಿವಾರ ನಾನು ಅದನ್ನು ಫೋನಿನಲ್ಲಿ ಸೀಸನ್‌ವಾಚ್‌ಗೆ ತುಂಬುತ್ತಿದ್ದೆ. ಮೂರನೇ ವಾರ ಹೊಂಗೆ ಮರದ ಹುಡುಗಿ 'ಹೂವು ಸ್ವಲ್ಪ' ಅಂತ ಬರೆದು ತಂದಳು. ಹೋಗಿ ನೋಡಿದರೆ ಒಂದು ಮೊಗ್ಗೂ ಇಲ್ಲ. "ಮಾವಿನ ಮರದವರದ್ದು ತುಂಬಾ ಇದೆ ಸರ್, ನಮ್ಮದು ಬರೀ ಇಲ್ಲ, ಇಲ್ಲ" ಅಂತ ಕಣ್ಣಲ್ಲಿ ನೀರು. ಮರದ ಕೆಳಗೇ ಕೂತು ಮಾತಾಡಿದೆವು. ಇವತ್ತು 'ಇಲ್ಲ' ಅಂತ ಬರೆದರೆ ತಾನೇ, ಹೂವು ಯಾವ ವಾರ ಬಂತು ಅಂತ ಮುಂದೆ ಗೊತ್ತಾಗುವುದು? ಅವಳೇ ಹೊಡೆದು ಹಾಕಿ ಸರಿಮಾಡಿದಳು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಮರದಡಿ ಮಂಡಕ್ಕಿ ಚೆಲ್ಲಿದ ಹಾಗೆ ಹೂವು ಬಿದ್ದಿತ್ತು. ಬೊಗಸೆ ತುಂಬ ತಂದು ತೋರಿಸಿದಳು. 'ಇಲ್ಲ' ಬರೆಯುವುದನ್ನು ಮೊದಲೇ ಕಲಿಸಿ ಮೇಡಂ, ನಾನು ತಡ ಮಾಡಿದೆ.

ಇನ್ನೊಬ್ಬರು: ಹಕ್ಕಿಗೂ ಇದೇ ಮಾತು, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಎಲ್ಲರೂ ಸೇರಿ ಹಕ್ಕಿ ಎಣಿಸುವ ಕಾರ್ಯಕ್ರಮ ಇರುತ್ತದೆ. ಕನಿಷ್ಠ 15 ನಿಮಿಷ ನೋಡಿ, ಗುರುತು ಸಿಕ್ಕಿದ್ದನ್ನೆಲ್ಲ ಎಣಿಸಿ ಇ-ಬರ್ಡ್‌ಗೆ (ಹಕ್ಕಿಗಳ ಲೆಕ್ಕ ಹಾಕುವ ಆ್ಯಪ್) ಹಾಕಬೇಕು. ನಮ್ಮ ಹುಡುಗರು ಮಿಂಚುಳ್ಳಿ ಬರೆದು ಕಾಗೆ, ಗೊರವಂಕ ಬಿಟ್ಟಿದ್ದರು. ದಿನಾ ಕಾಣುವುದನ್ನೇ ಬಿಟ್ಟರೆ ಅದು ಕಡಿಮೆಯಾಗಿದ್ದು ಯಾರಿಗೂ ತಿಳಿಯುವುದಿಲ್ಲ. ದೇಶದ ಹಕ್ಕಿಗಳ ಸ್ಥಿತಿ ಹೇಳುವ 2023ರ ವರದಿ ಬಂದಿದ್ದು 30,000ಕ್ಕೂ ಜಾಸ್ತಿ ಜನ ಹೀಗೆ ಬರೆದಿದ್ದರಿಂದ. ಹೆಸರು ಗೊತ್ತಾಗದಿದ್ದರೆ ಸುಮ್ನೆ ಊಹೆ ಮಾಡಿ ಹಾಕಬೇಡಿ.

ಕೇಳಿದವರು: ಇಬ್ಬರಿಗೂ ಧನ್ಯವಾದ. ಕೇಂದ್ರದ ಮುಂದೆಯೇ ಹುಣಸೆ ಮರ ಇದೆ. ಈ ಶನಿವಾರ ಅಲ್ಲಿಂದಲೇ ಶುರು ಮಾಡುತ್ತೇವೆ.