ಹೊಸ ಬ್ಯಾಟರಿ ಹಾಕಿದರೂ ಕಾರು ‘ಟಿಕ್’ ಅಂದು ಸುಮ್ಮನಾಗುತ್ತದೆ, ಹೆಡ್‌ಲೈಟ್ ಮಾತ್ರ ಚೆನ್ನಾಗಿದೆ

ನೀರ್ಚಾಲಿನವ:
ಎಲ್ಲರಿಗೂ ನಮಸ್ಕಾರ. 2010ರ ಮಾಡೆಲ್, ಸಣ್ಣ ಪೆಟ್ರೋಲ್ ಕಾರು. ಅಪ್ಪ ಓಡಿಸುತ್ತಿದ್ದದ್ದು, ಈಗ ನನ್ನ ಪಾಲಿಗೆ ಬಂದಿದೆ. ಹದಿನೈದು ದಿನದಿಂದ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಿಕ್’ ಅಂತ ಒಂದೇ ಸದ್ದು. ಆರೇಳು ಸಲ ಮಾಡಿದರೆ ಒಮ್ಮೆ ಹಿಡಿಯುತ್ತದೆ. ರಾತ್ರಿ ಜೋರು ಮಳೆ ಬಂದರೆ ಮರುದಿನ ಅದೂ ಇಲ್ಲ. ಆಟಿ ತಿಂಗಳಲ್ಲಿ ನಮ್ಮಲ್ಲಿ ಮಳೆ ಬಾರದ ರಾತ್ರಿ ಯಾವುದು ಹೇಳಿ! ಅಂಗಳದಿಂದ ರಸ್ತೆಗೆ ಇಳಿಜಾರು ಇದೆ, ತಳ್ಳಿ ಸ್ಟಾರ್ಟ್ ಮಾಡುತ್ತಿದ್ದೇನೆ. ತಳ್ಳುವುದು ಅಮ್ಮ ಮತ್ತು ತಂಗಿ. ಇಬ್ಬರೂ ಈಗ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.

ವರ್ಕ್‌ಶಾಪಿನಲ್ಲಿ ಬ್ಯಾಟರಿ ಹೋಗಿದೆ ಅಂದರು. ಹೊಸದು ಹಾಕಿಸಿದೆ. ನಾಲ್ಕು ದಿನ ಸರಿ ಇತ್ತು, ಐದನೇ ದಿನ ಅದೇ ಕತೆ. ಈಗ ಸ್ಟಾರ್ಟರ್ ಮೋಟರ್ ಬದಲಿಸಬೇಕು ಅನ್ನುತ್ತಾರೆ. ದುಡ್ಡು ಹಾಕುವ ಮೊದಲು ನಾನೇ ಒಮ್ಮೆ ನೋಡೋಣ ಅಂತ. ಸ್ಪ್ಯಾನರ್ ಸೆಟ್ ಇದೆ, ತೋಟದ ಪಂಪಿಗಾಗಿ ತಂದ ಮಲ್ಟಿಮೀಟರ್ ಇದೆ. ಅನುಭವ ಸೊನ್ನೆ.

ಉಪ್ಪಳದ ಡ್ರೈವರ್:
ಸ್ಟಾರ್ಟರಿನ ಬ್ರಷ್ (ಒಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು) ಸವೆದಿರಬಹುದು ತಮ್ಮ. ಒಬ್ಬರು ಕೀ ಹಿಡಿದಿರಲಿ, ನೀನು ಮೋಟರಿನ ಮೈಗೆ ಮರದ ತುಂಡಿನಲ್ಲಿ ಮೆಲ್ಲ ಎರಡು ಪೆಟ್ಟು ಕೊಡು. ಹಿಡಿದರೆ ಬ್ರಷ್ಷೇ. ಗೇರ್ ನ್ಯೂಟ್ರಲ್ ಇರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ.

ಪೆರ್ಲದ ಮಾಷ್ಟ್ರು:
ಅದನ್ನೂ ಮಾಡು. ಜೊತೆಗೆ ಇನ್ನೊಂದು. ಹೆಡ್‌ಲೈಟ್ ಹಾಕಿ, ಗೋಡೆಗೆ ಬೀಳುವ ಬೆಳಕು ನೋಡುತ್ತಾ ಕೀ ತಿರುಗಿಸು. ‘ಟಿಕ್’ ಅನ್ನುವಾಗ ಬೆಳಕು ಪೂರ್ತಿ ಮಂಕಾಗುತ್ತದಾ, ಇಲ್ಲ ಹಾಗೇ ಇರುತ್ತದಾ? ಮಂಕಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಕಡೆ ಹುಡುಕಬೇಕು. ಹಾಗೇ ಇದ್ದರೆ ಸ್ಟಾರ್ಟರಿಗೆ ಕರೆಂಟು ತಲುಪುತ್ತಿಲ್ಲ, ದಾರಿಯಲ್ಲೆಲ್ಲೋ ತಡೆ ಇದೆ.

ನೀರ್ಚಾಲಿನವ:
ಪೆಟ್ಟು ಕೊಟ್ಟೆ, ಪ್ರಯೋಜನ ಇಲ್ಲ. ಹೆಡ್‌ಲೈಟ್ ಮಂಕಾಗುವುದಿಲ್ಲ ಮಾಷ್ಟ್ರೇ. ಬ್ಯಾಟರಿ ಸುಮ್ನೆ ಇರುವಾಗ 12.5 ವೋಲ್ಟ್, ಕೀ ತಿರುಗಿಸುವಾಗಲೂ 12.3 ತೋರಿಸುತ್ತದೆ. ಇನ್ನೊಂದು ವಿಚಿತ್ರ: ತಂಗಿ ಕೀ ತಿರುಗಿಸುವಾಗ ಕ್ಲಚ್ ಕೇಬಲ್ ಹತ್ತಿರ ಸಣ್ಣಗೆ ಹೊಗೆ ಬಂತು. ಮುಟ್ಟಿದರೆ ಬಿಸಿ. ಕ್ಲಚ್ ಒಂದು ತಿಂಗಳಿಂದ ಗಟ್ಟಿಯೂ ಆಗಿದೆ. ಅದು ಬೇರೆ ಸಮಸ್ಯೆ ಇರಬೇಕು ಅಲ್ವಾ?

ಪೆರ್ಲದ ಮಾಷ್ಟ್ರು:
ಅದನ್ನೇ ಮೊದಲು ಹೇಳಬೇಕಿತ್ತು ಮಾರಾಯ! ಬೇರೆ ಸಮಸ್ಯೆ ಅಲ್ಲ. ಇನ್ನು ಕೀ ತಿರುಗಿಸಬೇಡ, ನಾನು ಹೇಳುವಷ್ಟು ಸಲ ಮಾತ್ರ.

ಬ್ಯಾಟರಿಯ ನೆಗೆಟಿವ್‌ನಿಂದ ಸಾಮಾನ್ಯವಾಗಿ ಎರಡು ದಾರಿ ಇರುತ್ತದೆ. ಒಂದು ಬಾಡಿಗೆ, ಒಂದು ಎಂಜಿನ್ ಅಥವಾ ಗೇರ್ ಬಾಕ್ಸಿಗೆ. ಎಂಜಿನ್ ಕೂರುವುದು ರಬ್ಬರಿನ ಮೇಲೆ, ಹಾಗಾಗಿ ಬಾಡಿಯ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅದಕ್ಕೆ ತಾನಾಗಿ ಸಿಗುವುದಿಲ್ಲ. ಹೆಡ್‌ಲೈಟ್ ಬಾಡಿಯ ಅರ್ತಿನಿಂದ ಉರಿಯುತ್ತದೆ, ಎರಡೂ ಬಲ್ಬ್ ಸೇರಿ ಸುಮಾರು 10 ಆಂಪಿಯರ್. ಸ್ಟಾರ್ಟರಿಗೆ ನೂರಕ್ಕೂ ಜಾಸ್ತಿ ಬೇಕು, ಅದು ಎಂಜಿನ್ನಿನ ಅರ್ತ್ ಕೇಬಲಿನಲ್ಲೇ ವಾಪಸ್ ಬರಬೇಕು. ಆ ಕೇಬಲ್ ಕೆಟ್ಟರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಎಂಜಿನ್ ಮತ್ತು ಬಾಡಿಯ ನಡುವೆ ಇರುವ ಲೋಹ ಅಂದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಪಾಪ, ಅವು ಅದಕ್ಕೆ ಮಾಡಿದ್ದಲ್ಲ. ಬಿಸಿಯಾಗುತ್ತವೆ.

ಖಾತ್ರಿ ಮಾಡಿಕೋ. ಮೀಟರ್ ಡಿಸಿ 20 ವೋಲ್ಟಿಗೆ ಇಡು. ಕಪ್ಪು ಕಡ್ಡಿ ನೆಗೆಟಿವ್‌ನ ಸೀಸದ ಕಂಬಕ್ಕೆ, ಕ್ಲಾಂಪಿಗಲ್ಲ. ಕೆಂಪು ಕಡ್ಡಿ ಎಂಜಿನ್ನಿನ ಬಣ್ಣ ಇಲ್ಲದ ಲೋಹಕ್ಕೆ. ತಂಗಿ ಎರಡೇ ಸೆಕೆಂಡು ಕೀ ತಿರುಗಿಸಲಿ. ಅರ್ಧ ವೋಲ್ಟಿನ ಒಳಗೆ ಬರಬೇಕು. ಜಾಸ್ತಿ ಬಂದರೆ ಕಳ್ಳ ಅಲ್ಲೇ ಇದ್ದಾನೆ.

ನೀರ್ಚಾಲಿನವ:
4.8!

ಪೆರ್ಲದ ಮಾಷ್ಟ್ರು:
ನೋಡಿದೆಯಾ. ಈಗ ಜಂಪರ್ ಕೇಬಲ್ ಯಾರಲ್ಲಾದರೂ ಕೇಳು. ಒಂದೇ ವಯರ್ ಸಾಕು. ಒಂದು ತುದಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಎತ್ತುವ ಕಬ್ಬಿಣದ ಕೊಕ್ಕೆಗೆ. ಪಾಸಿಟಿವ್ ಹತ್ತಿರ ಹೋಗಲೇಬೇಡ. ಸ್ಟಾರ್ಟ್ ಮಾಡು.

ನೀರ್ಚಾಲಿನವ:
ಒಂದೇ ಸಲಕ್ಕೆ ಹಿಡಿಯಿತು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನೋಡಿದರು. ಮುಂದೆ?

ಪೆರ್ಲದ ಮಾಷ್ಟ್ರು:
ಕೈಯ ವಾಚು, ಉಂಗುರ ತೆಗೆ. ಎಂಜಿನ್ ಆರಿಸಿ ತಣಿಯಲಿ. ಬ್ಯಾಟರಿಯ ನೆಗೆಟಿವ್ ಕಳಚಿ, ಕ್ಲಾಂಪಿಗೆ ಬಟ್ಟೆ ಸುತ್ತಿ ಬದಿಗೆ ಇಡು. ಪಾಸಿಟಿವ್ ಬಿಚ್ಚುವ ಅಗತ್ಯ ಇಲ್ಲ. ನೆಗೆಟಿವ್ ಜೋಡಿಸಿರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಬೆಂಕಿ ಹಾರುತ್ತದೆ. ಕಪ್ಪು ಕೇಬಲ್ ಹಿಡಿದು ಹೋಗು, ಗೇರ್ ಬಾಕ್ಸಿಗೆ ಬೋಲ್ಟ್ ಆದ ಜಾಗ ಸಿಗುತ್ತದೆ. ಬಾನೆಟ್ ಕಡೆಯಿಂದ ಕೈ ಎಟುಕದಿದ್ದರೆ ಕಾರು ಎತ್ತಬೇಕು. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬಾರದು, ಸ್ಟ್ಯಾಂಡ್ ಬೇಕೇ ಬೇಕು. ಇಳಿಜಾರಿನಲ್ಲಿ ಅಂತೂ ಬೇಡ.

ನೀರ್ಚಾಲಿನವ (ಮರುದಿನ):
ಮೇಲಿಂದಲೇ ಕೈ ಎಟುಕಿತು, ಆದರೆ ಬಂಪರಿನ ಮೇಲೆ ಅರ್ಧ ಗಂಟೆ ಮಲಗಿದ ಹಾಗೆ. ಅಡಿಕೆ ಹಾಳೆ ಹಾಸಿಕೊಂಡೆ, ಎದೆಗೆ ಒತ್ತಲಿಲ್ಲ. ಬೋಲ್ಟಿಗೆ 12ರ ಸ್ಪ್ಯಾನರ್ ಆಯಿತು. ಲಗ್ (ಬೋಲ್ಟ್ ಹಾಕಲು ಕೇಬಲಿನ ತುದಿಯಲ್ಲಿರುವ ಲೋಹದ ಬಳೆ) ಹೊರಗಿನಿಂದ ಬರೀ ಕೆಸರು. ಕೇಬಲಿನ ರಬ್ಬರ್ ಸ್ವಲ್ಪ ಸೀಳಿದೆ, ಒಳಗೆ ತಾಮ್ರವೆಲ್ಲ ಹಸಿರು ಕಿಲುಬು. ಬಗ್ಗಿಸಿದರೆ ಎಳೆಗಳು ಹುಡಿಯಾಗಿ ಉದುರಿದವು. ಏಳೆಂಟು ಎಳೆ ಉಳಿದಿರಬಹುದು.

ಅಂಗಡಿಯಲ್ಲಿ ‘ಅರ್ತ್ ವಯರ್’ ಅಂದದ್ದಕ್ಕೆ ಮನೆ ವಯರಿಂಗಿನ ಪಚ್ಚೆ ವಯರ್ ಅಳೆಯಲು ಶುರು ಮಾಡಿದರು! ಹಳೇದನ್ನು ತೋರಿಸಿದ ಮೇಲೆ ಅದೇ ದಪ್ಪದ, ಎರಡೂ ತುದಿಗೆ ಲಗ್ ಇರುವ ಬ್ಯಾಟರಿ ಕೇಬಲ್ ಸಿಕ್ಕಿತು. ಗೇರ್ ಬಾಕ್ಸಿನ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವಷ್ಟು ಉಜ್ಜಿದೆ, ಬಿಗಿದೆ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಈಗ ಅದೇ ಪರೀಕ್ಷೆಯಲ್ಲಿ 0.15. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2. ಕೇಬಲ್ ಬದಲಿಸುವ ಮೊದಲು ಇದು 13.1 ಇತ್ತು.

ಪೆರ್ಲದ ಮಾಷ್ಟ್ರು:
ಆ 13.1 ಗಮನಿಸಿದ್ದು ಒಳ್ಳೆಯದಾಯಿತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂತಿರುವುದೂ ಎಂಜಿನ್ ಮೇಲೆಯೇ, ಅದರ ಕರೆಂಟಿಗೂ ಅದೇ ಹಾಳು ದಾರಿ. ಹಳೇ ಬ್ಯಾಟರಿ ಹೊಟ್ಟೆ ತುಂಬದೆ ಸೊರಗಿರಬೇಕು. ಅದನ್ನು ಬಿಸಾಡಿಲ್ಲ ತಾನೆ? ಚಾರ್ಜರಿಗೆ ಹಾಕಿ ನೋಡು.

ಉಪ್ಪಳದ ಡ್ರೈವರ್:
ನನ್ನ ಬ್ರಷ್ ಕತೆ ಸುಳ್ಳಾಯಿತು, ಒಪ್ಪಿದೆ. ಆದರೆ ಹೊಗೆ ಬಂದ ಕ್ಲಚ್ ಕೇಬಲ್ ಬಿಡಬೇಡ. ಒಳಗಿನ ಪ್ಲಾಸ್ಟಿಕ್ ಕರಗಿರುತ್ತದೆ, ಅದಕ್ಕೇ ಗಟ್ಟಿ. ರಸ್ತೆ ಮಧ್ಯೆ ತುಂಡಾದರೆ ಗೇರ್ ಬದಲಿಸಲು ಆಗುವುದಿಲ್ಲ. ಆಕ್ಸಿಲರೇಟರ್ ಕೇಬಲನ್ನೂ ಎಳೆದು ನೋಡು, ಬಿಟ್ಟ ಕೂಡಲೇ ವಾಪಸ್ ಹೋಗಬೇಕು.

ನೀರ್ಚಾಲಿನವ:
ಹಳೇ ಬ್ಯಾಟರಿ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ ಮಾಷ್ಟ್ರೇ. ಆಕ್ಸಿಲರೇಟರ್ ಸರಿ ಇದೆ. ಕ್ಲಚ್ ಕೇಬಲ್ ಭಾನುವಾರ ಬದಲಿಸುತ್ತೇನೆ. ಪೆಡಲ್ ಕಡೆಯ ತುದಿ ಬಿಡಿಸುವುದು ಹೇಗೆ ಅಂತ ಯಾರಾದರೂ ಹೇಳಿದರೆ ಉಪಕಾರ. ಅಲ್ಲಿ ತಲೆ ತೂರಿಸಿ ನೋಡಿದೆ, ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ.